ಒಂಬತ್ತನೆಯ ಗ್ರಹಕ್ಕೆ ಮಾತಾಡದೆ ಹೋಗುವುದು ಹೇಗೆ?

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಇಸ್ಪೀಟಿನಲ್ಲಿ ಪಳಗಿದವರು. ಎರಡು ತಿಂಗಳಿಂದ ‘ದಿ ಕ್ರೂ: ದಿ ಕ್ವೆಸ್ಟ್ ಫಾರ್ ಪ್ಲಾನೆಟ್ ನೈನ್’ ಎಂಬ ಎಲೆಯಾಟ ಆಡುತ್ತಿದ್ದೇವೆ. ಅದರ ಹಂತಗಳಿಗೆ ಯಾನ ಎನ್ನುತ್ತಾರೆ; ಮೊದಲ ಹತ್ತು ಯಾನಗಳು ಸಲೀಸಾಗಿ ಮುಗಿದವು. ಆಮೇಲೆ ಬರೀ ಸೋಲು. ಹದಿಮೂರನೆಯದರಲ್ಲಂತೂ ಸಿಕ್ಕಿಬಿದ್ದಿದ್ದೇವೆ. ನಮ್ಮಲ್ಲಿ ಒಬ್ಬರು ‘ಇದೆಲ್ಲ ಎಲೆ ಬೀಳುವ ಅದೃಷ್ಟ’ ಎನ್ನುತ್ತಾರೆ. ಇನ್ನೊಬ್ಬರು ‘ಬಾಹ್ಯಾಕಾಶದ ಚಿತ್ರಗಳನ್ನು ಅಳಿಸಿದರೆ ಹಳೆಯ ಇಸ್ಪೀಟೇ ಉಳಿಯುತ್ತದೆ’ ಎಂದು ಮೂಗು ಮುರಿಯುತ್ತಾರೆ. ಇವರಿಬ್ಬರಿಗೂ ಏನು ಹೇಳುತ್ತೀರಿ? ನಾವು ಎಡವುತ್ತಿರುವುದೆಲ್ಲಿ?

ಉತ್ತರ: ಇಸ್ಪೀಟಿನಲ್ಲಿ ಪಳಗಿದವರು ಎಂದಿರಿ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ ಇರಬೇಕು. ಈ ಆಟವನ್ನು ನಾನು ಮೊದಲ ಸಲ ಆಡಿದ್ದು ಬ್ರಿಜ್‌ನಲ್ಲಿ ಕೂದಲು ನರೆಸಿಕೊಂಡ ಮೂವರ ಜೊತೆ. ಅಂದು ನಾವು ಸೋತಷ್ಟು ಎಂದೂ ಇಸ್ಪೀಟು ಮುಟ್ಟದ ಮಕ್ಕಳೂ ಸೋಲಲಿಕ್ಕಿಲ್ಲ. ಕಾರಣ ಸರಳ: ಕೈಯಲ್ಲಿ ದೊಡ್ಡ ಎಲೆ ಇದ್ದರೆ ಗೆಲ್ಲಬೇಕು ಎಂಬ ಚಪಲ ನಮ್ಮ ಬೆರಳುಗಳಿಗೇ ಅಂಟಿಕೊಂಡಿತ್ತು.

ಆಟ ಗೊತ್ತಿಲ್ಲದ ಓದುಗರಿಗಾಗಿ ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇದು ಟ್ರಿಕ್ ಎತ್ತುವ ಆಟ. ಒಬ್ಬರು ಒಂದು ಎಲೆ ಇಳಿಸುತ್ತಾರೆ, ಉಳಿದವರು ಅದೇ ಬಣ್ಣ ಇದ್ದರೆ ಅದನ್ನೇ ಹಾಕಬೇಕು, ದೊಡ್ಡ ಎಲೆ ಹಾಕಿದವರು ಅಷ್ಟನ್ನೂ ಎತ್ತಿಕೊಳ್ಳುತ್ತಾರೆ. ಗುಲಾಬಿ, ನೀಲಿ, ಹಸಿರು, ಹಳದಿ ಎಂಬ ನಾಲ್ಕು ಬಣ್ಣಗಳಲ್ಲಿ 1ರಿಂದ 9ರವರೆಗೆ 36 ಎಲೆಗಳು, ಅವುಗಳ ಮೇಲೆ ತುರುಫಾಗಿ, ಅಂದರೆ ಯಾವ ಬಣ್ಣದ ಎಲೆಯನ್ನೂ ಸೋಲಿಸುವಂತೆ, 4 ರಾಕೆಟ್‌ಗಳು; ಒಟ್ಟು 40. ನಾಲ್ಕನೆಯ ರಾಕೆಟ್ ಯಾರಿಗೆ ಬಿತ್ತೋ ಅವರೇ ಕಮಾಂಡರ್. ಪ್ರತಿ ಯಾನದಲ್ಲೂ ಪುಟ್ಟ ಗುರಿ ಎಲೆಗಳನ್ನು ಹಂಚಿಕೊಳ್ಳುತ್ತೀರಿ. ನೀವು ‘ಹಸಿರು 3’ ಎಂಬ ಗುರಿ ಆರಿಸಿಕೊಂಡರೆ, ಹಸಿರು 3 ಇರುವ ಟ್ರಿಕ್ಕನ್ನು ನೀವೇ ಎತ್ತಬೇಕು. ಒಂದು ಗುರಿ ತಪ್ಪಿದರೂ ಎಲ್ಲರೂ ಸೋತಂತೆ. ಎದುರಾಳಿ ಎಂಬುವರಿಲ್ಲ; ನಾಲ್ವರೂ ಒಂದೇ ನೌಕೆಯ ಸಿಬ್ಬಂದಿ. ಆದರೆ ಕೈಯಲ್ಲಿರುವ ಎಲೆಗಳ ಬಗ್ಗೆ ತುಟಿ ಬಿಚ್ಚುವಂತಿಲ್ಲ. ತೋಮಸ್ ಸಿಂಗ್ ರೂಪಿಸಿದ ಈ ಆಟವನ್ನು ಜರ್ಮನಿಯ ಕಾಸ್ಮೋಸ್ ಪ್ರಕಾಶನ 2019ರಲ್ಲಿ ಹೊರತಂದಿತು. ಮರುವರ್ಷವೇ ಅದಕ್ಕೆ ‘ಕೆನರ್‌ಶ್ಪೀಲ್ ದೆಸ್ ಯಾರೆಸ್’ ಪ್ರಶಸ್ತಿ ಬಂತು. ಪಳಗಿದ ಆಟಗಾರರಿಗೆ ಹೊಂದುವ ವರ್ಷದ ಆಟ ಎಂದು ಅದರ ಅರ್ಥ.

ಈಗ ನಿಮ್ಮ ಸೋಲಿನ ವಿಚಾರ. ಗುರಿ ಆರಿಸಿಕೊಳ್ಳುವ ಹೊತ್ತಿನಲ್ಲೇ ಅರ್ಧ ಆಟ ತೀರ್ಮಾನವಾಗಿರುತ್ತದೆ, ಮತ್ತು ಹೆಚ್ಚಿನವರು ಅಲ್ಲಿಯೇ ತಪ್ಪುತ್ತಾರೆ. ಒಂದು ಮಾತು ನೆನಪಿಡಿ: ಗುರಿಯ ಎಲೆ ನಿಮ್ಮದೇ ಕೈಯಲ್ಲಿದ್ದರೆ, ಆ ಟ್ರಿಕ್ಕನ್ನು ನೀವು ಆ ಎಲೆಯಿಂದಲೇ ಗೆಲ್ಲಬೇಕು. ಒಂದು ಟ್ರಿಕ್ಕಿಗೆ ನೀವು ಹಾಕುವುದು ಒಂದೇ ಎಲೆಯಲ್ಲವೇ? ಹಾಗಾಗಿ ನೀಲಿ 9 ನಿಮ್ಮ ಕೈಯಲ್ಲಿದ್ದು ಗುರಿಯೂ ನೀಲಿ 9 ಆಗಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದೇ ನೀಲಿ 2 ನಿಮ್ಮ ಕೈಯಲ್ಲಿದ್ದರೆ ಆ ಗುರಿಯನ್ನು ಮುಟ್ಟಬೇಡಿ, ಬೇರೆಯವರು ಎತ್ತಿಕೊಳ್ಳಲಿ. ‘ಎಲೆ ನನ್ನ ಹತ್ತಿರವೇ ಇದೆ, ಗುರಿಯೂ ನನಗಿರಲಿ’ ಎಂಬ ಸಹಜ ಯೋಚನೆ ಸಣ್ಣ ಎಲೆಗಳ ವಿಚಾರದಲ್ಲಿ ತಲೆಕೆಳಗು. ಒಂಬತ್ತನೆಯ ಯಾನ ನೆನಪಿದೆಯೇ? ಯಾವುದಾದರೂ ಬಣ್ಣದ 1ರಿಂದ ಒಂದು ಟ್ರಿಕ್ ಗೆಲ್ಲಬೇಕು ಎಂಬುದೇ ಅಲ್ಲಿನ ಕೆಲಸ. ಅಷ್ಟೊಂದೇ ಕೆಲಸಕ್ಕೆ ಒಂದು ಇಡೀ ಯಾನ ಇಟ್ಟಿದ್ದಾರೆಂದರೆ ಸಣ್ಣ ಎಲೆಯಿಂದ ಗೆಲ್ಲುವುದು ಎಷ್ಟು ದುಸ್ತರ ಎಂದು ತಿಳಿಯಬಹುದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ತಲೆನೋವಿನವು 5 ಮತ್ತು 6. ಅವು ಗೆಲ್ಲುವಷ್ಟು ದೊಡ್ಡವಲ್ಲ, ನಿಶ್ಚಿಂತೆಯಿಂದ ಬಿಟ್ಟುಕೊಡುವಷ್ಟು ಚಿಕ್ಕವೂ ಅಲ್ಲ. ಅಂಥ ಗುರಿ ಮೇಜಿನ ಮೇಲೆ ಬಿದ್ದರೆ ಯಾರೂ ಕೈ ಚಾಚುವುದಿಲ್ಲ, ಕೊನೆಗೆ ಪಾಳಿಯ ತುದಿಯಲ್ಲಿರುವವರ ಕೊರಳಿಗೆ ಬೀಳುತ್ತದೆ. ಯಾರೂ ಯಾಕೆ ಆರಿಸಲಿಲ್ಲ ಎಂಬುದನ್ನು ಗಮನಿಸಿದಿರಾ? ಹಿಂಜರಿಕೆಯೂ ಒಂದು ಸುದ್ದಿಯೇ. ಗುಲಾಬಿ 8ರ ಗುರಿಯನ್ನು ಮೊದಲಿಗರೇ ಬಾಚಿಕೊಂಡರೆ ಗುಲಾಬಿ 9 ಅಥವಾ 8 ಅವರ ಬಳಿಯೇ ಇರುವ ಸಂಭವ ಹೆಚ್ಚು. ಎಲೆ ಹಂಚಿದೊಡನೆ ತಮ್ಮ ಕೈಯನ್ನೇ ನೋಡುತ್ತ ಕೂರುವವರು ಈ ಸುದ್ದಿಯನ್ನೆಲ್ಲ ಕಳೆದುಕೊಳ್ಳುತ್ತಾರೆ.

ಗುರಿ ತಲುಪಿಸುವ ದಾರಿ ಎರಡಿವೆ. ಹಸಿರು 3 ನನ್ನ ಕೈಯಲ್ಲಿದೆ, ಗುರಿ ಎದುರಿನವರದ್ದು ಎನ್ನೋಣ. ಹಸಿರು ಬಂದಾಗ ನಾನು 3 ಹಾಕಿ, ಅವರು 9 ಹಾಕಿ ಎತ್ತಿಕೊಂಡರೆ ಅದು ಹೆದ್ದಾರಿ. ಆದರೆ ಅವರ ಬಳಿ ಇರುವುದು ಹಸಿರು 5 ಮಾತ್ರ, 9 ಇನ್ಯಾರದೋ ಕೈಯಲ್ಲಿ ಎಂದಾದರೆ? ಆಗ ಎರಡನೆಯ ದಾರಿ: ನನ್ನ ಕೈಯಲ್ಲಿ ಹಳದಿ ಪೂರಾ ಖಾಲಿಯಾಗಿದ್ದು ಅವರು ಹಳದಿ 9 ಇಳಿಸಿದರೆ, ನಾನು ಅದರ ಮೇಲೆ ಹಸಿರು 3 ಎಸೆಯುತ್ತೇನೆ. ಹಸಿರಿನಲ್ಲಿ ಯಾರು ಬಲಿಷ್ಠರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬ್ರಿಜ್ ಆಡುವವರಿಗೆ ಬಣ್ಣ ಖಾಲಿಯಾದ ಕೂಡಲೇ ತುರುಫು ಹೊಡೆಯುವ ಅಭ್ಯಾಸ. ಇಲ್ಲಿ ಬಣ್ಣ ಖಾಲಿ ಮಾಡಿಕೊಳ್ಳುವುದು ಉಡುಗೊರೆ ಕೊಡುವುದಕ್ಕೆ. ಈ ಎರಡನೆಯ ದಾರಿ ಹೊಳೆದ ದಿನವೇ ನಮ್ಮ ಗುಂಪಿನ ಸೋಲು ಅರ್ಧಕ್ಕಿಳಿಯಿತು.

ಬಣ್ಣ ಬೇಗ ಖಾಲಿಯಾಗುತ್ತದೆಯೇ ಎಂದರೆ, ಬಲು ಬೇಗ. ಸಾಮಾನ್ಯ ಇಸ್ಪೀಟಿನಲ್ಲಿ ಒಂದು ಬಣ್ಣಕ್ಕೆ 13 ಎಲೆ, ಇಲ್ಲಿ 9. ನಾಲ್ವರಿಗೆ ಹಂಚಿದರೆ ತಲೆಗೆ ಸರಾಸರಿ ಎರಡು ಕಾಲು ಎಲೆ. ಒಂದೇ ಬಣ್ಣವನ್ನು ಎರಡು ಸಲ ಇಳಿಸಿ, ಎರಡೂ ಸಲ ನಾಲ್ವರೂ ಬಣ್ಣ ಹಾಕಿದರೆ ಎಂಟು ಎಲೆ ಹೋದವು, ಉಳಿದದ್ದು ಒಂದು. ಅಂದರೆ ಅದೇ ಬಣ್ಣ ಮೂರನೆಯ ಸಲ ಬಂದಾಗ ಯಾರಾದರೊಬ್ಬರ ಬಳಿಯಾದರೂ ಆ ಬಣ್ಣ ಇರುವುದಿಲ್ಲ. ಇದು ಸಂಭವದ ಮಾತಲ್ಲ, ಖಚಿತ ಲೆಕ್ಕ. ಹದಿಮೂರರ ಲೆಕ್ಕ ರೂಢಿಯಾದವರು ಇಲ್ಲಿ ಒಂದು ಸುತ್ತು ತಡವಾಗಿ ಎಚ್ಚರಗೊಳ್ಳುತ್ತಾರೆ. ನಿಮ್ಮ ‘ಪಳಗಿದ ಕೈ’ಗಳ ಮೇಲೆ ನನಗೆ ಅನುಮಾನ ಬರಲು ಇದೂ ಒಂದು ಕಾರಣ.

ರೇಡಿಯೊ ಬಿಲ್ಲೆಯ ವಿಷಯ ಸ್ವಲ್ಪ ಸಾವಧಾನವಾಗಿ ನೋಡಬೇಕು. ಒಂದು ಯಾನಕ್ಕೆ ಒಂದೇ ಸಲ, ಯಾವುದೇ ಟ್ರಿಕ್ ಶುರುವಾಗುವ ಮುನ್ನ, ನಿಮ್ಮ ಒಂದು ಬಣ್ಣದ ಎಲೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟು ಅದರ ಮೇಲೆ ಬಿಲ್ಲೆ ಇಡಬಹುದು. ಬಿಲ್ಲೆ ಎಲೆಯ ಮೇಲ್ತುದಿಯಲ್ಲಿದ್ದರೆ ‘ಈ ಬಣ್ಣದಲ್ಲಿ ನನ್ನ ದೊಡ್ಡ ಎಲೆ ಇದು’, ನಡುವೆ ಇದ್ದರೆ ‘ಈ ಬಣ್ಣದಲ್ಲಿ ಇದೊಂದೇ’, ಕೆಳತುದಿಯಲ್ಲಿದ್ದರೆ ‘ನನ್ನ ಚಿಕ್ಕ ಎಲೆ ಇದು’. ಈ ಮೂರರಲ್ಲಿ ಒಂದೂ ನಿಜವಲ್ಲದ ಎಲೆಯನ್ನು ತೋರಿಸುವಂತಿಲ್ಲ, ರಾಕೆಟನ್ನಂತೂ ತೋರಿಸುವಂತೆಯೇ ಇಲ್ಲ. ಮಾತಿಗೆ ಸಿಗುವ ಅವಕಾಶ ಇಷ್ಟೇ.

ಹೊಸಬರು ಹಂಚಿ ಮುಗಿಯುತ್ತಲೇ ನಾಲ್ವರೂ ಬಿಲ್ಲೆ ಇಟ್ಟುಬಿಡುತ್ತಾರೆ, ತೋರಿಸುವುದು ತಮ್ಮ ಹೆಮ್ಮೆಯ 9ನ್ನು. 9 ತೋರಿಸಿದರೆ ಗೊತ್ತಾಗುವುದು 9 ಎಲ್ಲಿದೆ ಎಂಬುದಷ್ಟೇ. ಅದನ್ನು ಗುರಿ ಆರಿಸಿದ ರೀತಿಯಿಂದಲೇ ಎಷ್ಟೋ ಸಲ ಊಹಿಸಬಹುದಿತ್ತು. ಮೇಲಿನ ಉದಾಹರಣೆಯಲ್ಲಿ ನನ್ನ ಕೈಯಲ್ಲಿ ಹಸಿರು 3 ಮತ್ತು 8 ಇದ್ದರೆ ನಾನು 8ನ್ನು ಮೇಲ್ತುದಿ ಮಾಡಿ ತೋರಿಸುವುದಿಲ್ಲ. 3ನ್ನು ಕೆಳತುದಿ ಮಾಡಿ ತೋರಿಸುತ್ತೇನೆ. ಒಂದೇ ಏಟಿಗೆ ಮೂರು ಸಂಗತಿ ತಿಳಿಯಿತು: ಎಲ್ಲರೂ ಹುಡುಕುತ್ತಿರುವ ಎಲೆ ನನ್ನ ಬಳಿಯಿದೆ, ಅದಕ್ಕಿಂತ ದೊಡ್ಡ ಹಸಿರು ಇನ್ನೊಂದಾದರೂ ಇದೆ, ಹಸಿರು ಬಂದಾಗ ಯಾವುದನ್ನು ಹಾಕಬೇಕೆಂಬ ಆಯ್ಕೆ ನನ್ನ ಕೈಯಲ್ಲಿದೆ.

ನನ್ನ ಮಟ್ಟಿಗೆ ಮೂರರಲ್ಲಿ ಅತ್ಯಂತ ಬೆಲೆಯುಳ್ಳದ್ದು ನಡುವಿನ ಜಾಗ. ‘ಇದೊಂದೇ’ ಎಂದರೆ ‘ಇದು ಹೋದ ಮೇಲೆ ನಾನು ಈ ಬಣ್ಣದಲ್ಲಿ ಖಾಲಿ, ಏನು ಬೇಕಾದರೂ ಎಸೆಯಬಲ್ಲೆ’ ಎಂದು ಹೇಳಿದಂತೆ. ಬರಿಯ 4 ಆದರೂ ಸರಿ, ನಡುವೆ ಬಿಲ್ಲೆ ಇಟ್ಟ ಎಲೆ ಇಡೀ ಮೇಜಿನ ಯೋಜನೆಯನ್ನು ಬದಲಿಸುತ್ತದೆ. ಮೊದಲು ಒಂಟಿಯಲ್ಲದ ಎಲೆ ಎರಡು ಟ್ರಿಕ್ ಆದ ಮೇಲೆ ಒಂಟಿಯಾಗಬಹುದು. ಅದಕ್ಕೇ ಕಾಯಬೇಕು ಎನ್ನುವುದು. ಇಟ್ಟ ಬಿಲ್ಲೆಯನ್ನು ಆಮೇಲೆ ಸರಿಸುವಂತಿಲ್ಲ. ಮೇಲ್ತುದಿಯಲ್ಲಿಟ್ಟಿದ್ದು ಒಂಟಿಯಾದರೂ ಬಿಲ್ಲೆ ಅಲ್ಲಿಯೇ ಇರುತ್ತದೆ, ಉಳಿದದ್ದನ್ನು ಇತರರು ಲೆಕ್ಕ ಹಾಕಿಕೊಳ್ಳಬೇಕು.

ಹದಿಮೂರನೆಯ ಯಾನಕ್ಕೆ ಬರುತ್ತೇನೆ. ನಾಲ್ಕು ರಾಕೆಟ್‌ಗಳೂ ತಲಾ ಒಂದು ಟ್ರಿಕ್ ಗೆಲ್ಲಬೇಕು. ರಾಕೆಟ್ ಕೂಡ ಒಂದು ಬಣ್ಣದಂತೆಯೇ: ಯಾರಾದರೂ ರಾಕೆಟ್ ಇಳಿಸಿದರೆ ರಾಕೆಟ್ ಇರುವವರೆಲ್ಲ ಅದನ್ನೇ ಹಾಕಬೇಕು. ಒಂದೇ ಟ್ರಿಕ್ಕಿನಲ್ಲಿ ಎರಡು ರಾಕೆಟ್ ಬಿದ್ದರೆ ಚಿಕ್ಕದು ವ್ಯರ್ಥ, ಯಾನ ಮುಗಿಯಿತು. ಆದ್ದರಿಂದ ಬೇರೆಯವರ ಬಳಿ ರಾಕೆಟ್ ಇರುವ ತನಕ ನೀವು ರಾಕೆಟ್‌ನಿಂದ ಟ್ರಿಕ್ ಆರಂಭಿಸಲೇಬಾರದು. ಬಣ್ಣ ಖಾಲಿ ಮಾಡಿಕೊಂಡು ತುರುಫಾಗಿಯೇ ಹೊಡೆಯಬೇಕು. ಹೊಡೆಯಲೇಬೇಕೆಂಬ ಕಟ್ಟಳೆ ಇಲ್ಲ ಎಂಬುದನ್ನೂ ಮರೆಯಬೇಡಿ. ಒಬ್ಬರು ಹೊಡೆದಾಗ ಅದೇ ಬಣ್ಣದಲ್ಲಿ ಖಾಲಿಯಿರುವ ಇನ್ನೊಬ್ಬರು ಬೇಡದ ಎಲೆ ಎಸೆದು ಸುಮ್ಮನಿರಬೇಕು. ನೀವು ಕೈಬಿಗಿ ಹಿಡಿದು ರಾಕೆಟ್‌ಗಳನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೀರಿ ಎಂದು ನನ್ನ ಊಹೆ. ಕೊನೆಯ ಎರಡು ಟ್ರಿಕ್‌ಗಳಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಇನ್ನೇನಾಗುತ್ತದೆ?

ಇಲ್ಲೊಂದು ಸಮಾಧಾನವಿದೆ. ನಾಲ್ವರ ಆಟದಲ್ಲಿ ನಾಲ್ಕು ರಾಕೆಟ್‌ಗಳು ನಾಲ್ಕು ಬೇರೆ ಬೇರೆ ಕೈಗಳಿಗೆ ಬೀಳುವ ಸಾಧ್ಯತೆ ಸುಮಾರು 11% ಮಾತ್ರ. ಹತ್ತರಲ್ಲಿ ಒಂಬತ್ತು ಸಲ ಯಾರೋ ಒಬ್ಬರ ಬಳಿ ಎರಡಾದರೂ ಇರುತ್ತವೆ. ಉಳಿದವರು ತಮ್ಮವನ್ನು ಮೊದಲೇ ಖರ್ಚು ಮಾಡಿದರೆ, ಎರಡು ಇರುವವರು ಕೊನೆಯಲ್ಲಿ ಅವನ್ನು ಒಂದಾದ ಮೇಲೊಂದು ನಿರ್ಭಯವಾಗಿ ಇಳಿಸಬಹುದು, ಎದುರು ನಿಲ್ಲುವವರೇ ಇರುವುದಿಲ್ಲ. ಹಾಗಾಗಿ ಒಂದೇ ರಾಕೆಟ್ ಇರುವವರು ಅವಸರ ಮಾಡಬೇಕು, ಎರಡು ಮೂರು ಇರುವವರು ತಾಳಬೇಕು. ರಾಕೆಟನ್ನು ತೋರಿಸುವಂತಿಲ್ಲವಾದರೂ ಒಂಟಿ ನೀಲಿಯನ್ನು ನಡುವೆ ಬಿಲ್ಲೆ ಇಟ್ಟು ತೋರಿಸಬಹುದಲ್ಲ? ಹದಿಮೂರನೆಯ ಯಾನದಲ್ಲಿ ಅದರ ಅರ್ಥ ಒಂದೇ: ‘ನೀಲಿ ಎರಡು ಸಲ ಇಳಿಸಿ, ನನಗೆ ಹೊಡೆಯುವುದಿದೆ.’ ಕಮಾಂಡರ್ ಮೊದಲ ಎಲೆ ಇಳಿಸುವವರಾದ್ದರಿಂದ ಇದನ್ನು ಓದಿಕೊಳ್ಳುವ ಹೊಣೆ ಅವರದು. ಅಷ್ಟಾಗಿಯೂ ಹಂಚಿಕೆ ಕೆಟ್ಟದಾಗಿದೆ ಎನ್ನಿಸಿದರೆ ಅಪಾಯ ಸಂಕೇತ ಬಳಸಿ, ರಾಕೆಟ್ ಬಿಟ್ಟು ಬೇರೊಂದು ಎಲೆಯನ್ನು ಎಲ್ಲರೂ ಒಂದೇ ದಿಕ್ಕಿನ ಪಕ್ಕದವರಿಗೆ ದಾಟಿಸಿ. ಲೆಕ್ಕದ ಪುಸ್ತಕದಲ್ಲಿ ಒಂದು ಪ್ರಯತ್ನ ಹೆಚ್ಚು ಬರೆದುಕೊಳ್ಳಬೇಕಾಗುತ್ತದೆ, ಅಷ್ಟೇ. ಸಂಕೇತ ಬಳಸುವುದು ಅವಮಾನ ಎಂದುಕೊಂಡು ಹತ್ತು ಸಲ ಸೋಲುವವರನ್ನು ಕಂಡಿದ್ದೇನೆ. ಆ ಲೆಕ್ಕದಲ್ಲಿ ಅವರಿಗೆ ಉಳಿದದ್ದೇನೋ ನನಗೆ ತಿಳಿಯದು.

ಅದೃಷ್ಟ ಎನ್ನುವ ನಿಮ್ಮ ಗೆಳೆಯರದು ಪೂರ್ತಿ ಸುಳ್ಳಲ್ಲ. ಯಾರು ಹೇಗೆ ಆಡಿದರೂ ಗೆಲ್ಲಲಾಗದ ಹಂಚಿಕೆಗಳು ಇದ್ದೇ ಇವೆ. ಆದರೆ ಒಂದು ಹಂಚಿಕೆ ಗೆಲ್ಲಬಹುದಾದದ್ದೋ ಅಲ್ಲವೋ ಎಂದು ಹೇಳುವುದೇ ಸುಲಭವಲ್ಲ. ಎಲ್ಲರ ಎಲೆಗಳನ್ನೂ ತೆರೆದಿಟ್ಟರೂ, ಬಣ್ಣಗಳಿಗೂ ಸಂಖ್ಯೆಗಳಿಗೂ ಮಿತಿಯಿಲ್ಲದ ಸಾಮಾನ್ಯ ರೂಪದಲ್ಲಿ ಈ ಪ್ರಶ್ನೆ ಕಂಪ್ಯೂಟರಿಗೂ ಬಗ್ಗದ ವರ್ಗಕ್ಕೆ ಸೇರುತ್ತದೆ ಎಂದು 2021ರ ಗಣಕ ವಿಜ್ಞಾನದ ಪ್ರಬಂಧವೊಂದು ತೋರಿಸಿದೆ. ಹಾಗಿರುವಾಗ ಸೋತ ಕೂಡಲೇ ‘ಹಂಚಿಕೆಯೇ ಹಾಳು’ ಎಂದು ತೀರ್ಪು ಕೊಡುವ ಧೈರ್ಯ ನನಗಂತೂ ಇಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಸೋತ ಮೇಲೆ ಎಲೆಗಳನ್ನು ಕಲಸಬೇಡಿ. ಅವರವರು ಹಾಕಿದ ಎಲೆಗಳನ್ನು ಅವರವರ ಮುಂದೆಯೇ ಮತ್ತೆ ಹರಡಿ, ಈಗ ಬಾಯಿ ಬಿಟ್ಟು ಮಾತಾಡಿಕೊಳ್ಳುತ್ತ ಅದೇ ಕೈ ಆಡಿ. ನಾವು ಹೀಗೆ ಮಾಡಿದಾಗಲೆಲ್ಲ ದೋಷ ಬಹುಪಾಲು ಮೂರನೆಯ ಟ್ರಿಕ್ಕಿನ ಹೊತ್ತಿಗೇ ಆಗಿಹೋಗಿರುತ್ತಿತ್ತು, ಮತ್ತು ಅದನ್ನು ಮಾಡಿದವರು ಅದೃಷ್ಟದ ಬಗ್ಗೆ ಅತಿ ಜೋರಾಗಿ ಮಾತಾಡುತ್ತಿದ್ದವರೇ ಆಗಿರುತ್ತಿದ್ದರು. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮೂಗು ಮುರಿಯುವ ಗೆಳೆಯರಿಗೆ ಉತ್ತರ ಸ್ವಲ್ಪ ಉದ್ದ. ಅವರ ಮಾತಿನಲ್ಲಿ ಒಂದು ಸತ್ಯವಿದೆ. ಟ್ರಿಕ್ ಎತ್ತುವ ಆಟಗಳಿಗೆ ಆರು ಶತಮಾನದ ಇತಿಹಾಸವಿದೆ. ಕಾರ್ನೋಫೆಲ್ ಎಂಬ ಆಟದ ಉಲ್ಲೇಖ ಜರ್ಮನಿಯ ನೋರ್ಡ್‌ಲಿಂಗೆನ್ ಊರಿನಲ್ಲಿ 1426ರಷ್ಟು ಹಿಂದೆಯೇ ಸಿಗುತ್ತದೆ. ಹೇಳಬಾರದ್ದನ್ನು ಜೊತೆಗಾರರಿಗೆ ಹೇಗೆ ಹೇಳುವುದು ಎಂಬ ಸಂಕಟವೂ ಹಳೆಯದೇ. ಹ್ಯಾರಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ರೂಪ ಕೊಟ್ಟ ಕಾಂಟ್ರ್ಯಾಕ್ಟ್ ಬ್ರಿಜ್‌ನಲ್ಲಿ ಎಷ್ಟು ಟ್ರಿಕ್ ಎತ್ತುತ್ತೇವೆ ಎಂದು ಆಟಕ್ಕೆ ಮೊದಲೇ ಕೂಗುವ ಹರಾಜಿನ ಭಾಷೆಗೆ ಇರುವುದು ಹದಿನೈದೇ ಪದ: ಏಳು ಸಂಖ್ಯೆ, ನಾಲ್ಕು ಬಣ್ಣ, ತುರುಫಿಲ್ಲ, ಪಾಸ್, ಡಬಲ್, ರೀಡಬಲ್. ಆ ಹದಿನೈದು ಪದಗಳಲ್ಲಿ ಜನ ಗ್ರಂಥಗಟ್ಟಲೆ ಅರ್ಥ ಹುಟ್ಟಿಸಿದರು. ‘ದಿ ಕ್ರೂ’ ಆ ಹದಿನೈದನ್ನೂ ಕಿತ್ತುಕೊಂಡು ಒಂದು ಎಲೆ, ಮೂರು ಜಾಗ ಎಂದಿತು. ಒಂದೇ ನೌಕೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತವರು ಪರಸ್ಪರ ಮಾತಾಡಲು ರೇಡಿಯೊ ಯಾಕೆ ಬೇಕು ಎಂದು ನಿಮ್ಮ ಗೆಳೆಯರು ಕೇಳಿದರೆ ನಾನು ನಕ್ಕು ಸೋಲೊಪ್ಪುತ್ತೇನೆ. ಕಥೆ ಅಲ್ಲಿ ಕುಂಟುತ್ತದೆ.

ಆದರೆ ನೌಕೆ ಹೊರಟಿರುವುದು ಎಲ್ಲಿಗೆ ಎಂದು ನೋಡಿ. ಒಂಬತ್ತನೆಯ ಗ್ರಹವನ್ನು ಇನ್ನೂ ಯಾರೂ ಕಂಡಿಲ್ಲ. ನೆಪ್ಚೂನ್‌ನಿಂದ ಆಚೆಗಿನ ಕೆಲವು ಹಿಮಪಿಂಡಗಳ ಕಕ್ಷೆಗಳು ವಿಚಿತ್ರವಾಗಿ ಒಂದೇ ಕಡೆ ವಾಲಿಕೊಂಡಿರುವುದನ್ನು ನೋಡಿ, ಕಾಣದ ಒಂದು ದೊಡ್ಡ ಗ್ರಹ ಅವನ್ನು ಎಳೆಯುತ್ತಿರಬಹುದು ಎಂದು ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಖಗೋಳಜ್ಞರಾದ ಕಾನ್‌ಸ್ಟಂಟಿನ್ ಬಟಿಗಿನ್ ಮತ್ತು ಮೈಕ್ ಬ್ರೌನ್ 2016ರಲ್ಲಿ ವಾದಿಸಿದರು. ಅದರ ತೂಕ ಭೂಮಿಯ ಸುಮಾರು ಹತ್ತರಷ್ಟು ಎಂಬುದು ಅವರ ಅಂದಿನ ಅಂದಾಜು. ನೆಪ್ಚೂನ್ ಸಿಕ್ಕಿದ್ದೂ ಹೀಗೆಯೇ: ಯುರೇನಸ್‌ನ ನಡೆ ಲೆಕ್ಕಕ್ಕೆ ಹೊಂದದಿದ್ದಾಗ ಫ್ರಾನ್ಸಿನ ಗಣಿತಜ್ಞ ಲೆವೆರ್ಯೆ ಕಾಗದದ ಮೇಲೆ ಅದರ ಜಾಗ ಗುರುತಿಸಿದ, 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ಖಗೋಳಜ್ಞ ಗಾಲ್ ದೂರದರ್ಶಕ ತಿರುಗಿಸಿದಾಗ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಗ್ರಹ ಸಿಕ್ಕಿತು. ಕಾಣದ್ದನ್ನು, ಕಾಣುವವುಗಳ ನಡೆಯಿಂದ ಊಹಿಸುವುದು. ಎಡಗಡೆಯವರು ಹಳದಿ 7ರ ಬದಲು 4ನ್ನು ಯಾಕೆ ಹಾಕಿದರು, ಅವರನ್ನು ಯಾವ ಎಲೆ ಹಿಂದಕ್ಕೆ ಎಳೆಯುತ್ತಿದೆ ಎಂದು ನೀವು ಮೇಜಿನ ಮುಂದೆ ಮಾಡುತ್ತಿರುವುದೂ ಅದನ್ನೇ. ಬೇರೆ ಯಾವ ಗ್ರಹಕ್ಕೆ ಕಳಿಸಿದ್ದರೂ ಈ ಹೊಂದಿಕೆ ಬರುತ್ತಿರಲಿಲ್ಲ. ಚಿತ್ರಗಳನ್ನು ಅಳಿಸಿದರೂ ಈ ಕೆಲಸ ಉಳಿಯುತ್ತದೆ ಎಂಬುದು ನಿಜ. ಆ ಕೆಲಸಕ್ಕೆ ತಕ್ಕ ಕಥೆ ಹುಡುಕಿ ಕೊಟ್ಟರಲ್ಲ ಎಂಬುದು ನನ್ನ ಮೆಚ್ಚುಗೆ.

ಇದೂ ಸಾಲದು, ಕಥೆಯನ್ನು ನಿಯಮದೊಳಗೇ ಹೆಣೆದ ಆಟ ಬೇಕು ಎಂದು ಅವರು ಹಟ ಹಿಡಿದರೆ ಜಪಾನಿನ ಮುನೆಯೂಕಿ ಯೋಕೊಉಚಿ ರೂಪಿಸಿದ ‘ಕ್ಯಾಟ್ ಇನ್ ದಿ ಬಾಕ್ಸ್’ ಅವರ ಮುಂದಿಡಿ. ಪೆಟ್ಟಿಗೆ ತೆರೆದು ನೋಡುವ ತನಕ ಸತ್ತೂ ಇರುವ, ಬದುಕಿಯೂ ಇರುವ 1935ರ ಶ್ರೋಡಿಂಗರನ ಕಾಲ್ಪನಿಕ ಬೆಕ್ಕು ಅಲ್ಲಿ ಇಸ್ಪೀಟಿಗೆ ಇಳಿದಿದೆ. ಎಲೆಗಳಿಗೆ ಸಂಖ್ಯೆ ಮಾತ್ರ ಇದೆ, ಬಣ್ಣವೇ ಇಲ್ಲ. ಇಳಿಸುವ ಕ್ಷಣದಲ್ಲಿ ‘ಇದು ನೀಲಿ’ ಎಂದು ನೀವು ಘೋಷಿಸುತ್ತೀರಿ, ಆಗಲೇ ಅದು ನೀಲಿಯಾಗುತ್ತದೆ, ಹಲಗೆಯ ಮೇಲೆ ನೀಲಿಯ ಆ ಸಂಖ್ಯೆಯ ಮನೆ ನಿಮ್ಮ ಬಿಲ್ಲೆಯಿಂದ ತುಂಬುತ್ತದೆ. ಟ್ರಿಕ್ ಶುರುಮಾಡಿದ ಬಣ್ಣ ಬಿಟ್ಟು ಬೇರೆ ಬಣ್ಣ ಹೇಳಬೇಕೆಂದರೆ ‘ನನ್ನಲ್ಲಿ ಆ ಬಣ್ಣವಿಲ್ಲ’ ಎಂದು ಸಾರಬೇಕು. ಆ ಸುತ್ತಿನಲ್ಲಿ ನಿಮಗೆ ಮತ್ತೆ ಆ ಬಣ್ಣವಿಲ್ಲ. ಬಣ್ಣಗಳು ನಾಲ್ಕು, ಪ್ರತಿ ಸಂಖ್ಯೆಯ ಎಲೆಗಳು ಐದು. ಐದನೆಯದಕ್ಕೆ ಜಾಗವೆಲ್ಲಿ? ಆಡಲು ಯಾವ ಮನೆಯೂ ಉಳಿಯದವರು ‘ವಿರೋಧಾಭಾಸ’ ಸೃಷ್ಟಿಸಿದಂತಾಗಿ ಸುತ್ತು ಅಲ್ಲಿಗೇ ನಿಲ್ಲುತ್ತದೆ, ಅವರು ಎತ್ತಿದ ಪ್ರತಿ ಟ್ರಿಕ್ಕೂ ಅವರಿಗೆ ಅಂಕದ ಬದಲು ದಂಡವಾಗುತ್ತದೆ. ಈ ಆಟದಿಂದ ಬೆಕ್ಕನ್ನು ತೆಗೆದರೆ ನಿಯಮಗಳಿಗೆ ತಲೆಬುಡವೇ ಇರುವುದಿಲ್ಲ. ಎಚ್ಚರಿಕೆ ಒಂದೇ: ಇದರಲ್ಲಿ ಎಲ್ಲರೂ ಎದುರಾಳಿಗಳು. ಜೊತೆಗೂಡಿ ಆಡುವುದೇ ಇಷ್ಟವೆಂದರೆ 2021ರಲ್ಲಿ ಬಂದ ‘ದಿ ಕ್ರೂ: ಮಿಷನ್ ಡೀಪ್ ಸೀ’ ಇದೆ, ನೌಕೆ ಆಕಾಶ ಬಿಟ್ಟು ಸಮುದ್ರದ ತಳಕ್ಕಿಳಿಯುತ್ತದೆ, ಗುರಿಗಳೂ ‘ಇಂಥ ಎಲೆ ಗೆಲ್ಲು’ ಎಂಬಷ್ಟಕ್ಕೇ ನಿಲ್ಲದೆ ಬಗೆಬಗೆಯಾಗುತ್ತವೆ. ಆಟವಾಗಿ ಅದೇ ಮೇಲು ಎಂದು ನನಗೂ ಅನ್ನಿಸುತ್ತದೆ, ಆದರೂ ಮೊದಲ ಪೆಟ್ಟಿಗೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ಸದ್ಯಕ್ಕೆ ಹೊಸ ಪೆಟ್ಟಿಗೆ ಬೇಡ. ಮುಂದಿನ ಸಲ ಕೂತಾಗ ಮೊದಲ ಎರಡು ಟ್ರಿಕ್‌ಗಳವರೆಗೆ, ಒಂಟಿ ಎಲೆ ಇರುವವರನ್ನು ಬಿಟ್ಟು, ಯಾರೂ ಬಿಲ್ಲೆ ಮುಟ್ಟಬಾರದು ಎಂದು ಒಪ್ಪಂದ ಮಾಡಿಕೊಂಡು ಹದಿಮೂರನೆಯ ಯಾನವನ್ನು ಇನ್ನು ಐದು ಸಲ ಆಡಿ. ಆಮೇಲೂ ದಾಟದಿದ್ದರೆ ನಾಲ್ವರ ಕೈಗಳಲ್ಲೂ ಏನೇನಿತ್ತು, ಯಾರು ಯಾವ ಕ್ರಮದಲ್ಲಿ ಇಳಿಸಿದರು ಎಂದು ಬರೆದು ಕಳಿಸಿ, ಕೂತು ನೋಡೋಣ.